ಸೈಕಲ್ ಯಾರದು, ಸಾಲ ಯಾರದು? ಜತ್ತ ತಾಲೂಕಿನ ಎಳೆಯ ಸೈಕಲ್ ಪಟುಗಳು ಮತ್ತು ದುಬಾರಿ ರೇಸ್ ಸೈಕಲ್

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹ ರೂಪ. ಮಾತಿನ ಧಾಟಿಯನ್ನು ಸಾಧ್ಯವಾದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ದನಿ ಕೇಳ್ತಾ ಇದೆ ಅಂದ್ಕೋತೀನಿ. ನಮ್ಮೂರಲ್ಲಿ ನೆಟ್‌ವರ್ಕ್ ಮಾಳಿಗೆ ಮೇಲೆ ಮಾತ್ರ ಸಿಗೋದರಿಂದ ಮಾಳಿಗೆ ಮೇಲೆ ಕೂತೇ ಮಾತಾಡ್ತಿದ್ದೇನೆ. ನಡುವೆ ಗಾಳಿ ಸದ್ದು ಬಂದರೆ ಸಹಿಸಿಕೊಳ್ಳಬೇಕು.

ನನ್ನ ವಿಷಯ ಸಣ್ಣದು. ಹದಿನಾಲ್ಕರಿಂದ ಹದಿನೆಂಟು ವರ್ಷದ ಸೈಕಲ್ ಪಟುವಿಗೆ ತಂದೆ-ತಾಯಿ ಲಕ್ಷಗಟ್ಟಲೆ ಸುರಿದು ರೇಸ್ ಸೈಕಲ್ ಕೊಡಿಸಬೇಕೇ? ಕೊಡಿಸಿದರೆ ಅದರಿಂದ ಸಿಗುವ ವೇಗ ಎಷ್ಟು, ಅದಕ್ಕೆ ತೆರುವ ಬೆಲೆ ಎಷ್ಟು? ಮೊದಲೇ ಒಂದು ಮಾತು ಸ್ಪಷ್ಟ ಮಾಡ್ತೀನಿ. ನಮ್ಮ ತಾಲೂಕಿನಲ್ಲಿ ಬೈಕ್ ಅಂದರೆ ಮೋಟಾರ್ ಸೈಕಲ್. ದ್ರಾಕ್ಷಿ ಕೈ ಹಿಡಿದ ವರ್ಷ ಮಗನಿಗೆ ಎರಡು ಲಕ್ಷದ ಗಾಡಿ ಕೊಡಿಸಿದ ಅಪ್ಪನನ್ನು ಯಾರೂ ಏನೂ ಕೇಳೋದಿಲ್ಲ. ಅದೇ ದುಡ್ಡಿಗೆ ಪೆಡಲ್ ತುಳಿಯೋ ಸೈಕಲ್ ತಂದರೆ ಮಾತ್ರ ಊರೆಲ್ಲ ನೋಡೋಕೆ ಬರುತ್ತದೆ. ನಾನು ಮಾತಾಡ್ತಿರೋದು ಈ ಎರಡನೆಯದರ ಬಗ್ಗೆ.

ಸ್ಥಳದ ಪರಿಚಯ ಇಲ್ಲದವರಿಗೆ ಎರಡು ಮಾತು. ಜತ್ತ ಇರೋದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ. ಉಮದಿ, ಸಂಖ, ಬಾಲಗಾಂವದ ಕಡೆಯ ಪೂರ್ವ ಭಾಗದಲ್ಲಿ ಮನೆಮಾತು ಕನ್ನಡ. 2022ರ ನವೆಂಬರ್‌ನಲ್ಲಿ ಆಗಿನ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ನಮ್ಮ 40 ಹಳ್ಳಿಗಳ ಹಳೆಯ ಠರಾವಿನ ಮಾತೆತ್ತಿದಾಗ ಕೆಲವು ದಿನ ಎಲ್ಲ ಟಿ.ವಿ.ಗಳಲ್ಲೂ ನಮ್ಮ ಹೆಸರು ಬಂತು. ಆ ಠರಾವಿನ ಹಿಂದೆ ಇದ್ದದ್ದು ನೀರಿನ ಕೊರತೆ. ಮಳೆ ಕಡಿಮೆ, ಸಜ್ಜೆ, ಜೋಳ, ಕುರಿ, ಬೋರ್‌ವೆಲ್ ನೀರಿದ್ದವರಿಗೆ ದಾಳಿಂಬೆ, ದ್ರಾಕ್ಷಿ. ಅಂಥ ಊರಲ್ಲಿ ಸೈಕಲ್ ಸ್ಪರ್ಧೆಯ ಹುಚ್ಚು ಎಲ್ಲಿಂದ ಬಂತು ಅಂತ ಕೇಳಿದರೆ, ಪೂರ್ವಕ್ಕೆ ಕೈ ತೋರಿಸಬೇಕು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಹತ್ತಾರು ವರ್ಷಗಳಿಂದ ರಾಷ್ಟ್ರಮಟ್ಟದ ಸೈಕಲ್ ಪಟುಗಳನ್ನು ಕೊಡುತ್ತ ಬಂದಿವೆ. ಅಲ್ಲಿ ಸೈಕ್ಲಿಂಗ್‌ಗೆ ಸರ್ಕಾರದ ಕ್ರೀಡಾ ವಸತಿ ನಿಲಯಗಳಿವೆ. ಬೆಳಗಾವಿ ಜಿಲ್ಲೆಯ ಚಂದರಗಿ ಕ್ರೀಡಾ ಶಾಲೆಯಲ್ಲೂ ಸೈಕ್ಲಿಂಗ್ ಇದೆ. ಮುಂಜಾನೆ ಹೆದ್ದಾರಿಯಲ್ಲಿ ಸಾಲಾಗಿ ಹೋಗುವ ಹುಡುಗ-ಹುಡುಗಿಯರನ್ನು ಆ ಕಡೆಯವರು ತಿರುಗಿಯೂ ನೋಡೋದಿಲ್ಲ, ಅಷ್ಟು ರೂಢಿ. ಇವರಲ್ಲಿ ಬಹುಪಾಲು ಒಕ್ಕಲುತನದ ಮನೆಯವರು. ರೈಲ್ವೆಯಲ್ಲಿ, ಸೇನೆಯಲ್ಲಿ ಕ್ರೀಡಾ ಕೋಟಾದ ಕೆಲಸ ಸಿಗುತ್ತದೆ ಅನ್ನೋ ಆಸೆ ಈ ಆಟದ ಬೆನ್ನೆಲುಬು. ಆದ್ದರಿಂದ ನಮ್ಮ ಕಡೆ ದುಬಾರಿ ಸೈಕಲ್ಲನ್ನು ಯಾರೂ ಶೋಕಿಗೆ ಕೊಡಿಸೋದಿಲ್ಲ. ನೌಕರಿಗೆ ಹಾಕಿದ ಬಂಡವಾಳ ಅಂತ ಕೊಡಿಸುತ್ತಾರೆ. ನನ್ನ ಇಡೀ ವಾದ ಈ ಮಾತಿನ ಮೇಲೇ ನಿಂತಿದೆ.

ಈಗ ನನ್ನದೇ ಕಥೆ. ಸಂಶೋಧನೆಯಲ್ಲಿ ಸ್ವಂತ ಕಥೆ ಯಾಕೆ ಅಂತ ನಮ್ಮ ಮಾರ್ಗದರ್ಶಕರು ಕೇಳಿದ್ದರು. ಈ ವಿಷಯದಲ್ಲಿ ನನಗೆ ಗೊತ್ತಿರೋ ಖರ್ಚಿನ ಪಟ್ಟಿ ಪೂರ್ತಿಯಾಗಿ ಒಂದೇ, ಅದು ನಮ್ಮ ಮನೆಯದು.

ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡೋ ಯೋಜನೆ ಶುರು ಮಾಡಿತು. ಗಡಿಯಾಚೆ ಇದ್ದ ನನ್ನ ಸೋದರಮಾವನ ಮಗನಿಗೂ ಮುಂದೆ ಎಂಟನೇ ತರಗತಿಯಲ್ಲಿ ಅಂಥದೊಂದು ಸಿಕ್ಕಿತು. ನಾನೂ ಕನ್ನಡ ಶಾಲೆಯಲ್ಲೇ ಕಲಿತವ, ಆದರೆ ಶಾಲೆ ಮಹಾರಾಷ್ಟ್ರದ್ದು. ಅವನು ಕಾಲೇಜಿಗೆ ಹೋದ ಮೇಲೆ ಆ ಸೈಕಲ್ ನನ್ನ ಪಾಲಿಗೆ ಬಂತು. ಅದರ ಮೇಲೆ ಹಾಲಿನ ಕ್ಯಾನ್ ಕಟ್ಟಿಕೊಂಡು ದಿನಾ ಹೋಗಿ ಬರೋದು ಹದಿನಾಲ್ಕು ಕಿಲೋಮೀಟರ್. ಹದಿನೈದನೇ ವಯಸ್ಸಿಗೆ ಪಕ್ಕದೂರಿನ ಜಾತ್ರೆಯ ಸೈಕಲ್ ಶರ್ಯತ್ತಿನಲ್ಲಿ, ಗೇರ್ ಇಲ್ಲದ ದೇಶಿ ಸೈಕಲ್ ವಿಭಾಗದಲ್ಲಿ, ಮೊದಲು ಬಂದೆ. ಬಹುಮಾನ ಎರಡು ಸಾವಿರ ರೂಪಾಯಿ, ಒಂದು ಗೋಡೆ ಗಡಿಯಾರ. ಗೆದ್ದದ್ದೇ ತಡ, ಊರವರು ಅಪ್ಪನಿಗೆ ಹೇಳೋಕೆ ಶುರು ಮಾಡಿದರು: “ಇಂಥಾ ಸೈಕಲ್ ಮ್ಯಾಲೇ ಇಷ್ಟ ಓಡಸ್ತಾನ ಅಂದ್ರ, ಚಲೋದ ಕೊಡಸ್ರಿ, ನಿಮ್ಮ ಹುಡುಗ ನೌಕರಿ ಹಿಡಿತಾನ.”

ಒಂದು ವರ್ಷ ಎರವಲು ತಂದ ಅಲ್ಯೂಮಿನಿಯಂ ಸೈಕಲ್ ಮೇಲೆ ಓಡಿಸಿದೆ. ಆಮೇಲೆ ಅಪ್ಪ ಪುಣೆಯ ಒಬ್ಬ ಸವಾರರಿಂದ ಬಳಸಿದ ಕಾರ್ಬನ್ ಸೈಕಲ್ ತಂದರು. ಬೆಲೆ 1,40,000 ರೂಪಾಯಿ. ಎಂಟು ಮಾಡಗ್ಯಾಳ ಕುರಿ ಮಾರಿ ಬಂದದ್ದು ಎಂಬತ್ತು ಸಾವಿರ. ಅವ್ವನ ಬೋರಮಾಳ ಸರ ಪತಸಂಸ್ಥೆಯಲ್ಲಿ ಅಡವಿಟ್ಟು ಐವತ್ತು ಸಾವಿರ. ಉಳಿದ ಹತ್ತು ಸಾವಿರ ಕೈಗಡ. ಮಾಡಗ್ಯಾಳ ಕುರಿ ಅಂದರೆ ನಮ್ಮ ತಾಲೂಕಿನ ಹೆಮ್ಮೆ, ಗಿಳಿ ಮೂಗಿನ ಎತ್ತರದ ಜಾತಿ. ಸೈಕಲ್ ಮನೆಗೆ ಬಂದ ದಿನ ಅಪ್ಪ ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದರು. ಒಂದೇ ಕೈಯಲ್ಲಿ ಎತ್ತಿ ನೋಡಿ, “ಇದರಾಗ ಏನೂ ಇಲ್ಲಲ್ಲೋ ತಮ್ಮಾ” ಅಂದರು. ತೂಕದ ಬಗ್ಗೆ ಹೇಳಿದ ಮಾತು ಅದು. ನನಗೆ ಅದು ಬೇರೆ ಥರ ಕೇಳಿಸಿತು.

ಈಗ ಲೆಕ್ಕಕ್ಕೆ ಬರ್ತೀನಿ. ಭೌತಶಾಸ್ತ್ರದ ಗೆಳೆಯರು ತಪ್ಪಿದ್ದರೆ ತಿದ್ದಬೇಕು.

ಸೈಕಲ್ ಓಡಿಸುವವನ ಎದುರು ಮುಖ್ಯವಾಗಿ ಮೂರು ತಡೆಗಳಿವೆ: ಗಾಳಿ, ಟೈರು ರಸ್ತೆಗೆ ಉಜ್ಜುವ ತಡೆ, ಏರಿನಲ್ಲಿ ತೂಕ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ ಮೂವತ್ತೈದು ಕಿಲೋಮೀಟರ್ ವೇಗಕ್ಕೆ ಹೋದರೆ ನಮ್ಮ ಶಕ್ತಿಯ ಐದರಲ್ಲಿ ನಾಲ್ಕು ಪಾಲು ಗಾಳಿಗೇ ಹೋಗುತ್ತದೆ. ಆ ಗಾಳಿಯ ತಡೆಯಲ್ಲೂ ಹೆಚ್ಚಿನ ಪಾಲು, ಮುಕ್ಕಾಲರ ಆಸುಪಾಸು, ನಮ್ಮ ಮೈಯದು, ಸೈಕಲ್ಲಿನದಲ್ಲ. ಇದನ್ನು ಮನಸ್ಸಲ್ಲಿ ಇಟ್ಕೊಳ್ಳಿ.

ಬಟ್ಟೆ-ಬೂಟು ಸೇರಿ 60 ಕಿಲೋ ತೂಗುವ ಹುಡುಗ, ನಿರಂತರ 200 ವ್ಯಾಟ್ ಶಕ್ತಿ ಹಾಕಬಲ್ಲ ಅಂತ ಇಟ್ಕೊಳ್ಳೋಣ. ಒಂದು ಸೈಕಲ್ 8.5 ಕಿಲೋ, ಸಾಧಾರಣ ಅಲ್ಯೂಮಿನಿಯಂ. ಇನ್ನೊಂದು 7 ಕಿಲೋ, ಕಾರ್ಬನ್. 40 ಕಿಲೋಮೀಟರ್ ಸಮತಟ್ಟು ರಸ್ತೆಯಲ್ಲಿ, ಉಳಿದದ್ದೆಲ್ಲ ಒಂದೇ ಇದ್ದರೆ, ಈ ಒಂದೂವರೆ ಕಿಲೋದಿಂದ ಉಳಿಯುವ ಸಮಯ ಐದಾರು ಸೆಕೆಂಡು. ಸುಮಾರು ಅರವತ್ತೆಂಟು ನಿಮಿಷದ ಓಟದಲ್ಲಿ! 5 ಕಿಲೋಮೀಟರ್ ಉದ್ದದ, ನೂರು ಮೀಟರಿಗೆ ಐದು ಮೀಟರ್ ಏರುವ ಘಾಟಿನಲ್ಲಿ ಲೆಕ್ಕ ಬದಲಾಗುತ್ತದೆ. ಅಲ್ಲಿ ಹದಿನೇಳು ನಿಮಿಷಕ್ಕೆ ಹದಿನಾರು ಸೆಕೆಂಡು ಉಳಿಯುತ್ತದೆ. ಸ್ಪರ್ಧೆಯಲ್ಲಿ ಹದಿನಾರು ಸೆಕೆಂಡು ದೊಡ್ಡದು, ಒಪ್ಪುತ್ತೇನೆ. ಮುಂಬಯಿ-ಪುಣೆ ಸ್ಪರ್ಧೆಯಲ್ಲಿ ಬೋರ್ ಘಾಟ್ ಏರಿ ‘ಘಾಟಾಚಾ ರಾಜಾ’ ಆಗಬೇಕು ಅನ್ನುವವನಿಗೆ ಕಡಿಮೆ ತೂಕ ಬೇಕೇ ಬೇಕು. ಆದರೆ ಜತ್ತದಿಂದ ವಿಜಯಪುರದ ದಾರಿಯಲ್ಲಿ ಅಂಥ ಘಾಟ್ ನನಗಂತೂ ಇನ್ನೂ ಸಿಕ್ಕಿಲ್ಲ.

ಅದೇ ಹುಡುಗ ಅದೇ ಹಳೆಯ ಸೈಕಲ್ ಮೇಲೆ ಮೊಣಕೈ ಬಾಗಿಸಿ, ಬೆನ್ನು ತಗ್ಗಿಸಿ, ಗಾಳಿಯ ತಡೆಯನ್ನು ನೂರಕ್ಕೆ ಒಂಬತ್ತರಷ್ಟು ಇಳಿಸಿದ ಅಂತಿಟ್ಕೊಳ್ಳಿ. 40 ಕಿಲೋಮೀಟರಿನಲ್ಲಿ ಎರಡು ನಿಮಿಷ ಉಳಿಯುತ್ತದೆ. ಖರ್ಚು ಸೊನ್ನೆ. ಆರು ತಿಂಗಳ ಅಭ್ಯಾಸ ಬೇಕು, ಬೆನ್ನು ನೋಯುತ್ತದೆ, ಅಷ್ಟೇ. ಒರಟು ಟೈರ್ ಬಿಟ್ಟು ಒಳ್ಳೆಯ ರೇಸ್ ಟೈರ್ ಹಾಕಿದರೆ ಹನ್ನೆರಡು-ಹದಿಮೂರು ವ್ಯಾಟ್, ಅಂದರೆ ಸುಮಾರು ಒಂದೂವರೆ ನಿಮಿಷ. ಖರ್ಚು ಕೆಲವೇ ಸಾವಿರ. ಗುಂಪಿನಲ್ಲಿ ಇನ್ನೊಬ್ಬನ ಹಿಂದೆ ಸರಿಯಾಗಿ ಕೂತು ಓಡಿಸೋದು ಕಲಿತರೆ ಶಕ್ತಿಯಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಉಳಿತಾಯ. ಇದನ್ನು ಯಾವ ಅಂಗಡಿಯೂ ಮಾರೋದಿಲ್ಲ. ಹತ್ತು ಜನ ಒಟ್ಟಿಗೆ ಓಡಿಸಿದರೆ ಮಾತ್ರ ಬರುತ್ತದೆ. ನಮ್ಮೂರಲ್ಲಿ ನಾನೊಬ್ಬನೇ ಇದ್ದೆ. ನನ್ನ ಹತ್ತಿರ ಏಳು ಕಿಲೋದ ಸೈಕಲ್ ಇತ್ತು, ಹಿಂದೆ ಕೂರೋಕೆ ಬೆನ್ನೇ ಇರಲಿಲ್ಲ.

ಹಾಗಂತ ಸೈಕಲ್ ಯಾವುದಾದರೇನು ಅನ್ನುತ್ತಿಲ್ಲ. ಇಪ್ಪತ್ತು ಕಿಲೋ ಆಸುಪಾಸಿನ ಹಾಲಿನ ಸೈಕಲ್ ಮೇಲೆ ಆಯ್ಕೆ ಸ್ಪರ್ಧೆಗೆ ಹೋಗು ಅನ್ನೋದು ಕ್ರೂರತನ. ಅಲ್ಲಿಂದ ನಲವತ್ತು-ಅರವತ್ತು ಸಾವಿರದ, ಅಳತೆಗೆ ಸರಿಹೊಂದುವ ಗೇರ್ ಸೈಕಲ್ಲಿಗೆ ಏರುವ ಮೆಟ್ಟಿಲು ನಿಜವಾಗಿಯೂ ದೊಡ್ಡದು, ಹುಡುಗನ ಸ್ಥಾನವನ್ನೇ ಬದಲಿಸುತ್ತದೆ. ಅದರ ಮೇಲಿನ ಮೆಟ್ಟಿಲುಗಳಲ್ಲಿ ಬೆಲೆ ಮೂರು ಪಟ್ಟು, ಹತ್ತು ಪಟ್ಟು ಏರಿದರೂ ವೇಗ ಕೂದಲೆಳೆಯಷ್ಟೇ ಏರುತ್ತದೆ. ಕಡೆಯ ಕೂದಲೆಳೆಗೆ ಬೆಲೆ ಬರೋದು ಉಳಿದದ್ದೆಲ್ಲ ಮುಗಿದ ಮೇಲೆ, ರಾಷ್ಟ್ರಮಟ್ಟದ ಟೈಮ್ ಟ್ರಯಲ್‌ನಲ್ಲಿ. ಹದಿನಾರರ ಹುಡುಗನಲ್ಲಿ ಇನ್ನೂ ಏನೂ ಮುಗಿದಿರೋದಿಲ್ಲ.

ಇನ್ನೊಂದು ಸಂಗತಿಯನ್ನು ನಾನು ದುಡ್ಡು ಕೊಟ್ಟು ಕಲಿತೆ. ಹದಿನಾರರ ಹುಡುಗ ಬೆಳೆಯುತ್ತಾನೆ. ಹೆಗಡೆ-ಹೊಲದ ಬೇಲಿ ಬೆಳೆದಂತೆ, ನೋಡನೋಡುತ್ತ. ಒಂದೂವರೆ ವರ್ಷದಲ್ಲಿ ಆರು ಸೆಂಟಿಮೀಟರ್ ಬೆಳೆದೆ. ಸೀಟು ಎತ್ತರಿಸಿದೆ, ಹ್ಯಾಂಡಲ್ ಮುಂದೆ ತಳ್ಳಿದೆ, ಆಮೇಲೆ ತಳ್ಳೋಕೆ ಜಾಗವಿರಲಿಲ್ಲ. ಅಂಗಿ ಚಿಕ್ಕದಾದರೆ ತಮ್ಮನಿಗೆ ಕೊಡ್ತೀವಿ. ಅಡವಿನ ಬಡ್ಡಿ ಇನ್ನೂ ಕಟ್ಟುತ್ತಿರೋ ಸೈಕಲ್ ಚಿಕ್ಕದಾದರೆ ಏನು ಮಾಡೋದು? ನಾನು ಸುಮ್ಮನಿದ್ದೆ. ಬಲ ಮೊಣಕಾಲು ನೋಯೋಕೆ ಶುರುವಾಯಿತು. ಅದನ್ನೂ ಹೇಳಲಿಲ್ಲ.

ಇಲ್ಲಿ ನಿಯಮದ ಮಾತೊಂದು ಬರುತ್ತದೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ, ಯು.ಸಿ.ಐ., ಜೂನಿಯರ್ ಸವಾರರಿಗೆ ಬಹಳ ವರ್ಷ ಗೇರಿನ ಮಿತಿ ಹಾಕಿತ್ತು. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ 7.93 ಮೀಟರಿಗಿಂತ ಹೆಚ್ಚು ಮುಂದೆ ಹೋಗುವಂತಿಲ್ಲ. ಎಳೆಯ ಮೊಣಕಾಲಿನ ಮೇಲೆ ಭಾರ ಬೀಳಬಾರದು ಅನ್ನೋದು ಅದರ ಹಿಂದಿನ ಕಾಳಜಿ. ರಸ್ತೆ ಸ್ಪರ್ಧೆಗಳಲ್ಲಿ ಈ ಮಿತಿಯನ್ನು 2023ರ ಆರಂಭದಿಂದ ತೆಗೆದುಹಾಕಿದ್ದಾರೆ. ತೆಗೆದದ್ದು ಸರಿಯೋ ತಪ್ಪೋ ಅನ್ನೋ ಚರ್ಚೆ ಬೇರೆ. ನನ್ನ ಮಟ್ಟಿಗೆ, ಅಂಥ ಮಿತಿಗಳು ಮಕ್ಕಳಿಗೆ ಹೇಳುತ್ತಿದ್ದ ಮಾತು ಚೆನ್ನಾಗಿತ್ತು: ಈ ವಯಸ್ಸಲ್ಲಿ ಕಲಿಯಬೇಕಾದದ್ದು ಕಾಲನ್ನು ಚುರುಕಾಗಿ ತಿರುಗಿಸೋದು, ದೊಡ್ಡ ಗೇರ್ ತುಳಿಯೋದಲ್ಲ. ದೊಡ್ಡವರಿಗೂ ಅದೇ ಸಂಸ್ಥೆ 2000ದಿಂದ ಸೈಕಲ್ಲಿನ ತೂಕ 6.8 ಕಿಲೋಗಿಂತ ಕಡಿಮೆ ಇರಬಾರದು ಅಂದಿದೆ. ಅಂದರೆ ಜಗತ್ತಿನ ಅತಿ ಶ್ರೀಮಂತ ತಂಡಕ್ಕೂ ನನ್ನ ಬಳಸಿದ ಸೈಕಲ್ಲಿಗೂ ನಡುವೆ ಇದ್ದ ತೂಕದ ಅಂತರ ಇನ್ನೂರು ಗ್ರಾಂ. ಅದಕ್ಕೆ ನಾವು ಎಂಟು ಕುರಿ ಕೊಟ್ಟಿದ್ದೆವು.

ಜಪಾನಿನಲ್ಲಿ ಕೈರಿನ್ ಅನ್ನೋ ಪಣ ಕಟ್ಟುವ ಟ್ರ್ಯಾಕ್ ಸ್ಪರ್ಧೆ ಇದೆ, 1948ರಲ್ಲಿ ಕೊಕುರಾ ನಗರದಲ್ಲಿ ಶುರುವಾದದ್ದು. ಅಲ್ಲಿನ ಪುರುಷರ ಸಾಂಪ್ರದಾಯಿಕ ಸ್ಪರ್ಧೆಗಳಲ್ಲಿ ಇಂದಿಗೂ ಉಕ್ಕಿನ ಫ್ರೇಮ್, ಅದೂ ಮಂಜೂರಾದ ಭಾಗಗಳಿಂದಲೇ ಕಟ್ಟಿದ್ದು. ಯಂತ್ರದಲ್ಲಿ ಅಂತರ ಬಂದರೆ ಪಣ ಕಟ್ಟಿದವನಿಗೆ ಮೋಸವಾಗುತ್ತದೆ ಅಂತ. ಜೂಜಿನವರಿಗೆ ಕಂಡ ನ್ಯಾಯ ನಮ್ಮ ಆಯ್ಕೆ ಸ್ಪರ್ಧೆಗಳಿಗೆ ಕಂಡಿಲ್ಲ ಅಂತ ಕೆಲವೊಮ್ಮೆ ಅನ್ನಿಸುತ್ತದೆ.

ಕಥೆ ಮುಗಿಸಿಬಿಡ್ತೀನಿ. ಹದಿನೆಂಟು ತುಂಬೋ ಮೊದಲು ಒಂದು ಸ್ಪರ್ಧೆಯಲ್ಲಿ ತಿರುವಿನ ಮರಳಿಗೆ ಜಾರಿ ಬಿದ್ದೆ. ಮೈಗೆ ತರಚು ಗಾಯ ಅಷ್ಟೇ, ಸೈಕಲ್ಲಿನ ಫ್ರೇಮ್‌ಗೆ ಕೂದಲಿನಂಥ ಸೀಳು. ಬಿದ್ದ ತಕ್ಷಣ ನಾನು ಕಾಲು ನೋಡಿಕೊಳ್ಳಲಿಲ್ಲ, ಫ್ರೇಮ್ ನೋಡಿದೆ. ಉಕ್ಕಿನ ಫ್ರೇಮ್ ಆಗಿದ್ದರೆ ಜತ್ತದ ಯಾವುದೋ ವೆಲ್ಡಿಂಗ್ ಅಂಗಡಿಯವರು ಅರ್ಧ ಗಂಟೆಯಲ್ಲಿ ಬೆಸೆದು ಕೊಡುತ್ತಿದ್ದರು. ಕಾರ್ಬನ್‌ಗೆ ಮುಂಬಯಿಗೋ ಬೆಂಗಳೂರಿಗೋ ಕಳಿಸಬೇಕು, ಕಳಿಸಿದರೂ ನನ್ನ ಅಳತೆಗೆ ಅದು ಆಗಲೇ ಚಿಕ್ಕದು. ಗೇರು, ಗಾಲಿ ಬಿಚ್ಚಿ ಮಾರಿದೆವು, 38,000 ಬಂತು. ಅದೇ ವರ್ಷ ಮೊಣಕಾಲಿನ ಕಾರಣಕ್ಕೆ ಸ್ಪರ್ಧೆ ಬಿಟ್ಟೆ.

ನನಗಿಂತ ವೇಗವಾಗಿ ಓಡಿಸುವವರು ಬಹಳ ಜನ ಇದ್ದರು. ಸೋತದ್ದಕ್ಕೆ ಸೈಕಲ್ ಕಾರಣವಲ್ಲ, ಸಾಲವೂ ಪೂರ್ತಿ ಕಾರಣವಲ್ಲ. ಆದರೆ ಒಂದನ್ನು ಖಚಿತವಾಗಿ ಹೇಳಬಲ್ಲೆ. ಸೈಕಲ್ ಶಾಲೆಯದ್ದಾಗಿದ್ದರೆ ಮೊಣಕಾಲು ನೋಯ್ತಿದೆ ಅಂತ ಮೊದಲ ವಾರವೇ ಹೇಳುತ್ತಿದ್ದೆ. ಅವ್ವನ ಬೋರಮಾಳದ್ದಾದ್ದರಿಂದ ಹೇಳಲಿಲ್ಲ. ದುಬಾರಿ ಸೈಕಲ್ ಮಕ್ಕಳನ್ನು ಹಾಳು ಮಾಡುತ್ತದೆ, ಸೊಕ್ಕು ತರುತ್ತದೆ ಅಂತ ಹಿರಿಯರು ಸಾಮಾನ್ಯವಾಗಿ ಹೇಳುವ ವಾದವನ್ನು ನಾನು ಒಪ್ಪೋದಿಲ್ಲ. ನಾನು ಕಂಡ ಯಾವ ಹುಡುಗನಿಗೂ ಸೊಕ್ಕು ಬಂದಿಲ್ಲ. ಬಂದದ್ದು ಹೆದರಿಕೆ. ಬಿಡೋಕೂ ಆಗದ, ವಿಶ್ರಾಂತಿಯನ್ನೂ ಕೇಳಲಾಗದ ಹೆದರಿಕೆ.

ಆದ್ದರಿಂದ ನನ್ನ ನಿಲುವು ಇಷ್ಟು: ಒಳ್ಳೆಯ ಸೈಕಲ್ ಬೇಕು, ಆದರೆ ಅದರ ಒಡೆಯ ಅಪ್ಪ ಆಗಬಾರದು, ಸಂಸ್ಥೆ ಆಗಬೇಕು. ಇದು ಕನಸಿನ ಮಾತಲ್ಲ. ನಿಕೋಬಾರ್‌ನ ಹುಡುಗ ಎಸೋವ್ ಆಲ್ಬೆನ್ 2018ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಏಗ್ಲ್‌ನಲ್ಲಿ ನಡೆದ ಜೂನಿಯರ್ ವಿಶ್ವ ಟ್ರ್ಯಾಕ್ ಚಾಂಪಿಯನ್‌ಶಿಪ್‌ನ ಕೈರಿನ್‌ನಲ್ಲಿ ಬೆಳ್ಳಿ ಗೆದ್ದರು. ಮರುವರ್ಷ ಜರ್ಮನಿಯ ಫ್ರಾಂಕ್‌ಫರ್ಟ್ ಆನ್ ಡೆರ್ ಓಡರ್‌ನಲ್ಲಿ ಭಾರತದ ಜೂನಿಯರ್ ತಂಡ ಟೀಮ್ ಸ್ಪ್ರಿಂಟ್‌ನಲ್ಲಿ ಚಿನ್ನ ಗೆದ್ದಿತು. ಆ ಹುಡುಗರು ಬೆಳೆದದ್ದು ದೆಹಲಿಯ ವೆಲೋಡ್ರೋಮ್‌ನಲ್ಲಿ, ರಾಷ್ಟ್ರೀಯ ಅಕಾಡೆಮಿಯ ಆಶ್ರಯದಲ್ಲಿ. ಟ್ರ್ಯಾಕ್ ಸೈಕಲ್ ಅಂದರೆ ಲಕ್ಷಗಳ ಮಾತು. ಅದನ್ನು ದ್ವೀಪದ ಅಪ್ಪಂದಿರು ಹೊಂದಿಸಬೇಕು ಅಂದಿದ್ದರೆ ಆ ಪದಕಗಳ ಮಾತೇ ಇರುತ್ತಿರಲಿಲ್ಲ. ಖೇಲೋ ಇಂಡಿಯಾದಲ್ಲಿ ಆಯ್ಕೆಯಾದ ಪಟುವಿಗೆ ತಿಂಗಳಿಗೆ 10,000 ರೂಪಾಯಿ ಕೈಖರ್ಚು ಸಿಗುತ್ತದೆ. ಒಳ್ಳೆಯದು, ಆದರೆ ಅದು ಆಯ್ಕೆಯಾದ ಮೇಲೆ. ಕುರಿ ಮಾರೋದು ಆಯ್ಕೆಗೆ ಮೊದಲು.

ಗಡಿಯ ಮಕ್ಕಳ ತೊಡಕು ಇನ್ನೊಂದು ಥರದ್ದು. ವಿಜಯಪುರ ನಮಗೆ ಎಪ್ಪತ್ತು ಕಿಲೋಮೀಟರಿನ ಒಳಗೆ, ಅಲ್ಲಿನ ತರಬೇತುದಾರರ ಮಾತು ನಮ್ಮ ಮಾತು, ಆದರೆ ರಹಿವಾಸಿ ದಾಖಲೆ ಮಹಾರಾಷ್ಟ್ರದ್ದು. ಮಹಾರಾಷ್ಟ್ರದ ಸೌಲಭ್ಯ ಪುಣೆಯ ಬಾಲೇವಾಡಿಯಲ್ಲಿ, ಇನ್ನೂರೈವತ್ತು ಕಿಲೋಮೀಟರಿಗೂ ಆಚೆ. ಎರಡರ ನಡುವೆ ಬಿದ್ದ ಮಗುವಿಗೆ ಸಂಸ್ಥೆಯಾಗಿ ಉಳಿಯೋದು ಮನೆಯೊಂದೇ. ನಮ್ಮ ಕಡೆಯ ತಾಯಂದಿರ ಬಂಗಾರ ಸೈಕಲ್ ಆಗೋದು ಹೀಗೆ.

ಪ್ರಶ್ನೋತ್ತರದಿಂದ ಎರಡನ್ನು ಇಲ್ಲಿ ಸೇರಿಸಿದ್ದೇನೆ.

ಪ್ರಾಧ್ಯಾಪಕರೊಬ್ಬರು ಕೇಳಿದರು: “ಸಂಸ್ಥೆ ಕೊಡುವವರೆಗೆ ತಂದೆ-ತಾಯಿ ಕೈಕಟ್ಟಿ ಕೂರಬೇಕೇನ್ರಿ? ಮಗು ಬೆಳೆದುಹೋಗ್ತದಲ್ಲ?”

ಸರ್, ಕೂರಬೇಕಿಲ್ಲ. ಬಳಸಿದ ಅಲ್ಯೂಮಿನಿಯಂ ಸೈಕಲ್ ಇಪ್ಪತ್ತೈದು-ಮೂವತ್ತು ಸಾವಿರಕ್ಕೆ ಸಿಗುತ್ತದೆ. ಕೊಡಿಸಬಲ್ಲವರು ಅಷ್ಟು ಕೊಡಿಸಲಿ, ಅಡವಿಡದೆ. ಹೊಸ ಟೈರ್, ಒಳ್ಳೆಯ ಹೆಲ್ಮೆಟ್, ದಿನಾ ಎರಡು ಮೊಟ್ಟೆ, ತಿಂಗಳಿಗೊಮ್ಮೆ ವಿಜಯಪುರಕ್ಕೆ ಬಸ್ ಚಾರ್ಜು. ಅದಕ್ಕಿಂತ ಮೇಲೆ ಬೇಕಾದರೆ ನಾಲ್ಕು ಊರಿನವರು ಸೇರಿ ಮೂರು ಅಳತೆಯ ನಾಲ್ಕು ಸೈಕಲ್ ತಂದು ಒಂದು ಶಾಲೆಯಲ್ಲಿ ಇಡಬಹುದು. ಜಾತ್ರೆಗೆ ಪಟ್ಟಿ ಎತ್ತೋ ಊರುಗಳಿಗೆ ಇದು ದೊಡ್ಡದೇನಲ್ಲ. ಮಗು ಬೆಳೆದರೆ ಮುಂದಿನ ಅಳತೆಗೆ ಹೋಗುತ್ತದೆ, ಚಿಕ್ಕ ಸೈಕಲ್ ಮುಂದಿನ ಮಗುವಿಗೆ.

ಬಿ.ಪಿ.ಎಡ್. ವಿದ್ಯಾರ್ಥಿನಿಯೊಬ್ಬರು ಕೇಳಿದರು: “ಅಣ್ಣಾರ, ಹಂಗ ಶಾಲ್ಯಾಗ ಇಟ್ರ ಹುಡುಗ್ಯಾರ ಕೈಗೆ ಸೈಕಲ್ ಸಿಗತೈತೇನ? ಹುಡುಗೂರ ತಗೊಂಡ ಹೋಗಿ ಬಿಡ್ತಾರ.”

ಈ ಪ್ರಶ್ನೆ ನನ್ನ ಪ್ರಬಂಧದಲ್ಲಿ ಇರಲಿಲ್ಲ, ಇರಬೇಕಿತ್ತು. ನಮ್ಮ ಮನೆಯಲ್ಲೇ ನೋಡಿ, ನನಗಾಗಿ ಅಡವಿಟ್ಟ ಬೋರಮಾಳ ನನ್ನ ತಂಗಿಯ ಮದುವೆಗೆ ಅಂತ ಎತ್ತಿಟ್ಟದ್ದು. ಅವಳೂ ಸೈಕಲ್ ಓಡಿಸುತ್ತಿದ್ದಳು, ನನಗಿಂತ ಸಲೀಸಾಗಿ. ಅವಳಿಗೆ ಏನು ಕೊಡಿಸೋಣ ಅಂತ ಮನೆಯಲ್ಲಿ ಯಾರೂ ಕೇಳಿದ ನೆನಪಿಲ್ಲ, ನಾನೂ ಕೇಳಲಿಲ್ಲ. ಹೆಸರು ಬರೆದು ಸರದಿ ಹಾಕುವ ಒಂದು ವಹಿ, ಅದನ್ನು ನೋಡಿಕೊಳ್ಳೋಕೆ ಒಬ್ಬ ಶಿಕ್ಷಕಿ, ಇಷ್ಟಿದ್ದರೆ ಸಾಧ್ಯ ಅಂತ ನನಗನ್ನಿಸುತ್ತದೆ. ಸರವನ್ನು ಹೋದ ದೀಪಾವಳಿಗೆ ಬಿಡಿಸಿಕೊಂಡೆವು. ಸೀಳಿದ ಫ್ರೇಮ್ ಇನ್ನೂ ನಮ್ಮ ಕೊಟ್ಟಿಗೆಯ ಜಂತಿಗೆ ತೂಗಿದೆ. ಮಾರಿಬಿಡೋಣ ಅಂದರೆ ಅಪ್ಪ ಒಪ್ಪೋದಿಲ್ಲ.